ಬೀದಿಗೆ ತೆರೆದ ಬಾಗಿಲು

ಲೇಡನ್
೧೪ ಅಕ್ಟೋಬರ್ ೧೯೭೪

ಪ್ರೀತಿಯ ತಂಗಿ ಫೆಮ್ಮಾ,

ನೀನು ಹಾರ್ಲೆಮ್‌ನಲ್ಲಿ ಕೂತು ‘ಈ ಅಣ್ಣ ಬದುಕಿದ್ದಾನೋ ಇಲ್ಲವೋ’ ಎಂದು ಬೈಯುತ್ತಿರುತ್ತೀಯ. ಬೈ. ಬೇಸಿಗೆಯಿಂದ ಒಂದು ಸಾಲೂ ಬರೆಯಲಿಲ್ಲ, ತಪ್ಪು ನನ್ನದೇ. ಆದರೆ ಸುದ್ದಿ ಕೇಳಿದರೆ ನೀನೇ ಕ್ಷಮಿಸುತ್ತೀಯ. ನಮ್ಮ ಚರ್ಚಿಗೆ ಬಾಗಿಲು ಬಂತು! ಬೀದಿಯ ಕಡೆಗೆ!

ನಮ್ಮ ಮೆನ್ನೊನೈಟ್ ಪಂಗಡದವರು ಕಣ್ಣಿಗೆ ಬೀಳದಂತೆ ಇರುವುದಾದರೆ ಇರಲಿ ಎಂದು ಮುನ್ನೂರು ವರ್ಷದ ಹಿಂದೆ ನಗರ ಹೇಳಿತ್ತಂತೆ. ಅಜ್ಜ ಇದನ್ನು ನಮಗೆ ಎಷ್ಟು ಸಲ ಹೇಳಿಲ್ಲ! ಗಂಟೆ ಇಲ್ಲ, ಗೋಪುರ ಇಲ್ಲ, ಬೀದಿಗೆ ಬಾಗಿಲೂ ಇಲ್ಲ. ಬೇಕರಿಯ ಪಕ್ಕದ ಓಣಿಯಲ್ಲಿ ಒಬ್ಬರ ಹಿಂದೆ ಒಬ್ಬರು ನುಸುಳಿ ದೇವರ ಹತ್ತಿರ ಹೋಗಬೇಕು. ಆ ಕಟ್ಟಳೆ ಹೋಗಿ ಎಷ್ಟೋ ತಲೆಮಾರು ಕಳೆದರೂ ನಾವು ನುಸುಳುತ್ತಲೇ ಇದ್ದೆವು. ಈ ವರ್ಷ ಬೇಕರಿಯ ಮುದುಕ ಅಂಗಡಿ ಮುಚ್ಚಿ, ಬೀದಿಗೆ ತಾಗಿದ ಹಿಟ್ಟಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟ. ಗೋಡೆ ಒಡೆದರೆ ಆಯಿತು, ದಾರಿ!

ಆದರೆ ಎಲ್ಲರೂ ಒಪ್ಪದೆ ನಮ್ಮಲ್ಲಿ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲವಲ್ಲ. ವೇಂದೆಲಮ್ಮ ನಿನಗೆ ನೆನಪಿರಬೇಕು, ಹಾಡುವಾಗ ಎಲ್ಲರಿಗಿಂತ ಒಂದು ಸಾಲು ಮುಂದಿರುವವಳು. ಸಭೆಯಲ್ಲಿ ಎದ್ದು ನಿಂತಳು.

“ಬೀದಿಗೆ ಬಾಗಿಲಿಟ್ರೆ ಹೋಗೋ ಬರೋರೆಲ್ಲ ಒಳಗೆ ಬರ್ತಾರೆ!”

“ಚರ್ಚಿರೋದೇ ಅದಕ್ಕಲ್ವೇನಮ್ಮಾ?” ಎಂದಳು ನಮ್ಮ ಹೊಸ ಬೋಧಕಿ ಡೊರಿನ್.

“ನೀನು ನಿನ್ನೆ ಮೊನ್ನೆ ಬಂದೋಳು, ಸುಮ್ನಿರು. ಅಲ್ಲ ಕ್ರೈನ್, ನೀನು ಬರೆದ ನಕ್ಷೇಲಿ ಬಾಗಿಲು ಇಷ್ಟು ಅಗಲ ಯಾಕೋ? ಹಸು ನುಗ್ಗಿಸ್ತೀಯಾ?”

“ನಿಮ್ಮ ಟೋಪಿ ಹಿಡಿಸಬೇಕಲ್ಲಮ್ಮಾ” ಎಂದೆ. ಮುದುಕಿ ನಕ್ಕುಬಿಟ್ಟಳು, ಒಪ್ಪಿಗೆಯೂ ಸಿಕ್ಕಿತು. ಹೊಸ್ತಿಲೇ ಬೇಡ, ನೆಲ ಬೀದಿಗೆ ಸಮವಾಗಿರಲಿ ಎಂದು ನಾನು ಹೇಳಿದಾಗ ಬಡಗಿಯೂ ರೇಗಿದ: “ಮಳೆ ನೀರು ಒಳಗೆ ಬರುತ್ತೆ ಯಜಮಾನ್ರೇ!” ಬರಲಿ, ನಾನೇ ಒರೆಸುತ್ತೇನೆ ಎಂದೆ.

ನಿನ್ನೆ ಭಾನುವಾರ ಮೊದಲ ಸಲ ತೆರೆದೆವು. ಬಾಗಿಲಿಗೆ ಹಸಿರು ಬಣ್ಣ, ಹಿಡಿಕೆಗೆ ಹೂಗೊಂಚಲು. ಡೊರಿನ್ ಒಂದು ಕಡೆ, ನಾನು ಒಂದು ಕಡೆ, ಕೈಕುಲುಕಿ ಸ್ವಾಗತಿಸಲು ಬಾಗಿಲಿನ ಹೊರಗೆ ನಿಂತೆವು. ಹತ್ತು ಗಂಟೆಯಾಯಿತು, ಯಾರೂ ಇಲ್ಲ. ಡೊರಿನ್ ಮುಖ ಸಣ್ಣದಾಯಿತು. “ಕ್ರೈನ್ ಮಾವ, ಬಾಗಿಲು ಇಷ್ಟವಾಗಲಿಲ್ಲ ಅಂತ ಯಾರೂ ಬರಲಿಲ್ವಾ?” ಅಷ್ಟರಲ್ಲಿ ಒಳಗಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಬೆಂಚುಗಳೆಲ್ಲ ಭರ್ತಿ! ಒಬ್ಬೊಬ್ಬರೂ ರೂಢಿಯಂತೆ ಓಣಿಯಿಂದಲೇ ನುಸುಳಿ ಬಂದು ಕೂತಿದ್ದಾರೆ! ವೇಂದೆಲಮ್ಮ ಮುಂದಿನ ಸಾಲಿನಿಂದ ಕೂಗಿದಳು, “ಎಷ್ಟು ಹೊತ್ತು ಬೀದಿ ಕಾಯ್ತೀರೋ? ಬಾಗಿಲು ಹಾಕಿ, ಚಳಿ!” ಬಂದ ಕೂಡಲೇ ಮೌನ ಪ್ರಾರ್ಥನೆಗೆ ತಲೆಬಾಗಿಸಿದ್ದವರಲ್ಲಿ ಯಾರೋ ಕಿಸಕ್ಕೆಂದರು. ನಗು ಬೆಂಚಿನಿಂದ ಬೆಂಚಿಗೆ ಹಬ್ಬಿ, ಡೊರಿನ್ ಕೂಡ ನಗುತ್ತ ಕೈಗಳಲ್ಲಿ ಮುಖ ಮುಚ್ಚಿಕೊಂಡಳು.

ನೀನು ಗಾಲಿಕುರ್ಚಿಗೆ ಬಂದ ಮೇಲೆ ಇಲ್ಲಿಗೆ ಒಂದೇ ಸಲ ಬಂದೆ, ಆಮೇಲೆ ಬಂದೇ ಇಲ್ಲ. ಕರೆದಾಗಲೆಲ್ಲ ಒಂದೊಂದು ನೆಪ ಹೇಳಿದೆ. ಕೊನೆಗೆ ನಾನೂ ಕರೆಯುವುದನ್ನು ಬಿಟ್ಟೆ. ಈಗ ಮತ್ತೆ ಕರೆಯುತ್ತಿದ್ದೇನೆ, ಫೆಮ್ಮಾ. ಬರುವ ಭಾನುವಾರ ಬಾ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಕಾಫಿಯ ಜೊತೆ ನಿನ್ನಿಷ್ಟದ ಒಣದ್ರಾಕ್ಷಿ ಬ್ರೆಡ್ಡೂ ಇರುತ್ತದೆ.

ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ, ನಿನ್ನ ಬಾಯಿಯನ್ನು ಈಗಿರುವಷ್ಟೇ ಜೋರಾಗಿಟ್ಟಿರಲಿ.

ನಿನ್ನ ಅಣ್ಣ,
ಕ್ರೈನ್

ಮರೆತ ಮಾತು: ಅಮ್ಮನನ್ನು ಮಣ್ಣಿಗೆ ಕಳಿಸಿಕೊಟ್ಟ ದಿನ, ನಿನ್ನ ಕುರ್ಚಿ ಹಿಡಿಸದ ಓಣಿಯಲ್ಲಿ ನಿನ್ನನ್ನು ಬೆನ್ನ ಮೇಲೆ ಹೊತ್ತು ತಂದೆನಲ್ಲ. ತಿರುವಿನಲ್ಲಿ ಸಿಕ್ಕಿಕೊಂಡಾಗ ನೀನು, “ದಾರಿ ಬಿಡ್ರಪ್ಪಾ, ಹಿಟ್ಟಿನ ಮೂಟೆ ಬಂತು!” ಎಂದು ಕೂಗಿದೆ. ಎಲ್ಲರೂ ನಕ್ಕರು. ನನ್ನ ಕುತ್ತಿಗೆ ಒದ್ದೆಯಾದದ್ದು ನನಗೊಬ್ಬನಿಗೇ ಗೊತ್ತು. ಬಾಗಿಲಿನ ಅಳತೆ ವೇಂದೆಲಮ್ಮನ ಟೋಪಿಯದಲ್ಲ, ನಿನ್ನ ಕುರ್ಚಿಯದು; ಎರಡೂ ಕಡೆ ನಿನ್ನ ಮೊಣಕೈಗೂ ಜಾಗ ಬಿಡಿಸಿದ್ದೇನೆ. ನಿನ್ನೆ ನಾನೂ ಡೊರಿನ್ನೂ ಹೊರಗಿನಿಂದಲೇ ಬಾಗಿಲು ಹಾಕಿ, ಕೊನೆಗೆ ಓಣಿಯಿಂದಲೇ ಒಳಗೆ ಹೋದೆವು. ಹಸಿರು ಬಾಗಿಲಿನಿಂದ ಇನ್ನೂ ಯಾರೂ ಒಳಗೆ ಬಂದಿಲ್ಲ.