ಮೂರು ಕಣ್ಣಿನ ಮಣಿ

ಫಹಾಹೀಲ್, ಕುವೈತ್
೧೨ ನವೆಂಬರ್ ೨೦೨೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಂಗಿ ಸುಗಂಧಿಗೆ,

ಹೇಗಿದ್ದೀ? ಸೊಂಟದ ನೋವು ಕಡಿಮೆಯಾಯಿತಾ? ಶ್ರವಣ್ ಭಾವ ರಿಕ್ಷಾಕ್ಕೆ ಹೊಸ ಟಯರ್ ಹಾಕಿಸಿದರಂತೆ, ಒಳ್ಳೆಯದಾಯಿತು. ತೃಷಾ ಹೇಗಿದ್ದಾಳೆ? ಅವಳ ವಿಷಯವನ್ನು ಮಾತ್ರ ‘ಆರಾಮ’ ಎಂದು ಒಂದೇ ಶಬ್ದದಲ್ಲಿ ಮುಗಿಸಬೇಡ. ಶಾಲೆಯ ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಂತು ದಮ್ಮು ತೆಗೆದುಕೊಳ್ಳುತ್ತಾಳಾ? ರಾತ್ರಿ ಕೆಮ್ಮು ಉಂಟಾ? ಊಟ ಸೇರುತ್ತದಾ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಬರೆಯಲಾರೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ನೀನು ಫೋನ್ ಎತ್ತುವುದಿಲ್ಲ, ಎತ್ತಿದರೆ ನನಗೆ ಮಾತಾಡಲು ಬಿಡುವುದಿಲ್ಲ. ಭಾನುವಾರ ಮೂರು ಸಲ ಮಾಡಿದೆ. ಮೂರು ಸಲವೂ ಒಂದೇ ಪಾಠ. “ನೀನೇ ಹೇಳಿದ್ದಲ್ವಾ ಅಣ್ಣಾ? ಮಣಿ ಒಡೆದ್ರೆ ಗಂಡಾಂತರ ಹೋಯ್ತು ಅಂತ ನಿನ್ನ ಬಾಯಲ್ಲೇ ಬಂದದ್ದಲ್ವಾ?” ಅಷ್ಟು ಹೇಳಿ ನೀನು ಟಪ್ಪೆಂದು ಫೋನ್ ಇಟ್ಟುಬಿಟ್ಟೆ. ಹೌದು ಮಾರಾಯ್ತಿ, ನಾನೇ ಹೇಳಿದ್ದು. ನನ್ನ ಬಾಯಿಗೆ ಮಣ್ಣು ಬೀಳಲಿ. ನಮ್ಮ ರೂಮಿನ ಮೈಕಲ್ ಇವತ್ತು ಊರಿಗೆ ಹೊರಟಿದ್ದಾನೆ. ನಾಳೆ ಬಜ್ಪೆಯಲ್ಲಿ ವಿಮಾನ ಇಳಿದು, ಅವನ ಮನೆಗೂ ಹೋಗದೆ, ಮೊದಲು ಈ ಕಾಗದವನ್ನು ನಿನ್ನ ಕೈಯಲ್ಲೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಕಾಗದವನ್ನು ಅರ್ಧದಲ್ಲಿ ಕಟ್ ಮಾಡಲು ನಿನಗೆ ಆಗುವುದಿಲ್ಲವಲ್ಲ. ಕೊನೆಯ ಅಕ್ಷರದವರೆಗೆ ಓದು.

ನಿನ್ನ ಮನೆಯಲ್ಲಿ ನಡೆದದ್ದನ್ನು ನಿನಗೇ ಹೇಳಬೇಕೆಂದಿಲ್ಲ. ಆದರೆ ಭಾವ ಫೋನಿನಲ್ಲಿ ಹೇಳುವಾಗ ನನಗೆ ಹೇಗಾಯಿತೆಂದು ನಿನಗೆ ಗೊತ್ತಾಗಲಿ. ಗುರುವಾರ ಮಗುವಿಗೆ ಸ್ನಾನ ಮಾಡಿಸುವಾಗ ಕೊರಳಿನ ಕೆಂಪು ನೂಲು ಹರಿದು, ಮಣಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತಂತೆ. ನೀನು ಒದ್ದೆ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಕುಣಿದೆಯಂತೆ. ದೇವಸ್ಥಾನಕ್ಕೆ ಹೋಗಿ ಹೂವಿನ ಪೂಜೆ ಮಾಡಿಸಿದೆಯಂತೆ. ಮರುದಿನ ಆಸ್ಪತ್ರೆಗೆ ಫೋನ್ ಮಾಡಿ, “ಹದಿನೆಂಟಕ್ಕೆ ಆಪರೇಷನ್ ಬೇಡ, ನಮ್ಮ ಮಗು ಗುಣ ಆಗಿದೆ” ಎಂದೆಯಂತೆ. ಭಾವ ಇದನ್ನು ಹೇಳುತ್ತಾ ಅತ್ತರು ಸುಗಂಧಿ. ಆ ಮನುಷ್ಯ ಅಳುವುದನ್ನು ನಾನು ಇದುವರೆಗೆ ಕೇಳಿರಲಿಲ್ಲ.

ಗುಣ ಹೇಗಾಗುತ್ತದೆ? ಹೃದಯದ ತೂತು ಎಂದರೆ ನೂಲಿನಿಂದ ಹೊಲಿಯಬೇಕಾದ ತೂತು, ಮಣಿ ಬಿದ್ದರೆ ಮುಚ್ಚುವುದಲ್ಲ. ಡಾಕ್ಟರು ನಿನ್ನ ಎದುರಿಗೇ ಹೇಳಿದ್ದಾರೆ, ಈಗ ಮಾಡಿದರೆ ಮಗು ಎಲ್ಲರ ಹಾಗೆ ಓಡಿಯಾಡುತ್ತಾಳೆ, ಕಾದರೆ ಶ್ವಾಸಕೋಶ ಕೆಡುತ್ತದೆ, ಆಮೇಲೆ ಆಪರೇಷನ್ ಮಾಡಲಿಕ್ಕೂ ಆಗುವುದಿಲ್ಲ ಎಂದು. ಆಪರೇಷನ್ ಎಂದರೆ ನಿನಗೆ ಹೆದರಿಕೆ, ನನಗೆ ಗೊತ್ತು. ಆರು ವರ್ಷದ ಮಗುವಿನ ಎದೆ ಕೊಯ್ಯುತ್ತಾರೆ ಎಂದರೆ ಯಾವ ತಾಯಿಗೆ ಹೆದರಿಕೆಯಿಲ್ಲ? ನೀನು ತಪ್ಪಿಸಿಕೊಳ್ಳಲು ಒಂದು ದಾರಿ ಹುಡುಕುತ್ತಿದ್ದೆ, ನಾನು ಮೂರು ವರ್ಷದ ಹಿಂದೆಯೇ ಅದನ್ನು ತಯಾರು ಮಾಡಿ ಕೊಟ್ಟಿದ್ದೆ.

ಆ ಮಣಿಯ ಕಥೆಯನ್ನು ನಾನು ನಿನಗೆ ಸರಿಯಾಗಿ ಹೇಳಲೇ ಇಲ್ಲ. ನಾನು ಕೆಲಸ ಮಾಡುವ ಮಣಿ ಅಂಗಡಿಗೆ ಬರುವ ಅರಬರಿಗೆ ಜಪಮಾಲೆಯ ಕಲ್ಲು ಎಂದರೆ ಪ್ರಾಣ. ಒಂದು ದಿನ ಇಲ್ಲೇ ಸಲ್ವಾ ಎಂಬ ಕಡೆ ಒಂದು ಮನೆಯಲ್ಲಿ ಕೆಲಸಕ್ಕಿದ್ದ, ನೇಪಾಳದ ಬೆಟ್ಟದ ಮೇಲಿನ ಹೆಂಗಸೊಬ್ಬಳು ಕೊರಳಿನಿಂದ ಬಿಚ್ಚಿ ನನ್ನ ಮುಂದೆ ಇಟ್ಟಳು. ಕಿರುಬೆರಳಿನಷ್ಟು ಉದ್ದದ ಕಂದು ಕಲ್ಲು, ಮೈಮೇಲೆ ಬಿಳಿಯ ಗೆರೆಯಲ್ಲಿ ಮೂರು ಕಣ್ಣು. ಟಿಬೇಟಿನವರು ಇದನ್ನು ಝೀ ಎನ್ನುತ್ತಾರೆ. ಅವಳ ಅಜ್ಜಿಯ ಅಜ್ಜಿಯಿಂದ ಬಂದದ್ದಂತೆ. ಈಗ ಇದರ ನಕಲಿ ಡಜನ್ ಲೆಕ್ಕದಲ್ಲಿ ಬರುತ್ತದೆ, ಆದರೆ ಅಸಲಿಯನ್ನು ಕೈ ಹೇಳುತ್ತದೆ. ಮೈಯೆಲ್ಲ ಉಗುರಿನ ಗುರುತಿನಂಥ ಸಣ್ಣ ಸಣ್ಣ ಗೀರು, ಎಷ್ಟೋ ತಲೆಮಾರಿನ ದಾರ ಉಜ್ಜಿ ಬಾಯಿ ಸವೆದ ತೂತು, ಒಳಗಿನಿಂದ ಎದ್ದ ಕುಂಕುಮದಂಥ ಚುಕ್ಕೆಗಳು. ಒಂದು ಮೂಲೆ ಚಕ್ಕೆ ಎದ್ದರೂ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಇದರಲ್ಲಿ ಒಂದು ಕುಂದೂ ಇರಲಿಲ್ಲ. ಅವಳು ಕೇಳಿದಷ್ಟು ಕೊಟ್ಟೆ, ಅವಳು ಕೇಳಿದ್ದು ಬಹಳ ಕಡಿಮೆ ಎಂದು ನನಗೆ ಗೊತ್ತಿತ್ತು.

ಇಂಥ ಮಣಿ ಸಂಗ್ರಹಿಸುವ ನುಹಾ ಮೇಡಂ ಎಂಬ ಕುವೈತಿ ಹೆಂಗಸು ಅದನ್ನು ಭೂತಗಾಜಿನಲ್ಲಿ ಅರ್ಧ ಗಂಟೆ ನೋಡಿ, ಸುರತ್ಕಲ್ಲಿನಲ್ಲಿ ಮನೆ ಕಟ್ಟಿಸುವಷ್ಟು ಬೆಲೆ ಹೇಳಿದರು. ನನ್ನ ತಂಗಿಯ ಮಗಳಿಗೆ ಕಟ್ಟಬೇಕು, ಮಾರುವುದಿಲ್ಲ ಎಂದೆ. ಮಾಶಾಲ್ಲಾ, ನೀನು ಒಳ್ಳೆಯ ಮಾವ ಎಂದರು. ಆ ಹೊಗಳಿಕೆಯನ್ನು ಕಿಸೆಗೆ ಹಾಕಿಕೊಂಡು ರೂಮಿಗೆ ಬಂದೆ. ಅದೇ ವರ್ಷದ ರಜೆಯಲ್ಲಿ ನಾನು ಊರಿಗೆ ಬಂದು ನಿನ್ನ ಮಗಳ ಕೊರಳಿಗೆ ಮಣಿ ಕಟ್ಟಿ ದೊಡ್ಡ ಭಾಷಣ ಮಾಡಿದ್ದು. ಇದು ಮನುಷ್ಯನಿಗೆ ಬಂದ ಪೆಟ್ಟನ್ನು ತಾನೇ ತಿಂದು ಒಡೆಯುತ್ತದೆ ಎಂದೆ. ಟಿಬೇಟಿನವರು ನಂಬುವುದು ನಿಜ. ನಾನು ನಂಬಿದ್ದೆನಾ? ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿತ್ತು, ನಿನ್ನೆದುರೂ ಬಂದುಬಿಟ್ಟಿತು.

ಇನ್ನೊಂದು ಮಾತು ಕೇಳು. ಆ ಬೆಟ್ಟದ ಹೆಂಗಸಿಗೆ ಸಕ್ಕರೆ ಕಾಯಿಲೆ ಇತ್ತು. ಹುಟ್ಟಿದಾಗಿನಿಂದ ಮಣಿ ಕೊರಳಲ್ಲಿದ್ದರೂ ಬ್ಯಾಗಿನಲ್ಲಿ ಡಾಕ್ಟರು ಬರೆದ ಮಾತ್ರೆಯ ಚೀಟಿ ಇಟ್ಟುಕೊಂಡಿದ್ದಳು. ಅಸಲಿ ನಂಬಿಕೆ ಇದ್ದವಳೇ ಆಸ್ಪತ್ರೆಗೆ ಹೋಗುತ್ತಾಳೆ, ನೀನು ಯಾವ ಊರಿನವಳು ಮಾರಾಯ್ತಿ, ಅವಳಿಗಿಂತ ಮೇಲೆ ಹಾರುತ್ತೀಯಲ್ಲ! ಸಿಟ್ಟು ಬಂತಾ? ಬರಲಿ. ನನಗೂ ಬಂದಿದೆ, ನಿನ್ನ ಮೇಲಲ್ಲ.

ನಾನೇ ಹೊರಟು ಬರುತ್ತಿದ್ದೆ. ಇಲ್ಲಿ ಇರಲು ಬೇಕಾದ ಪರವಾನಗಿ, ಆ ಇಕಾಮಾದ ನವೀಕರಣಕ್ಕೆ ಪಾಸ್‌ಪೋರ್ಟ್ ನನ್ನ ಧಣಿ ಕಫೀಲನ ಕೈಯಲ್ಲಿದೆ, ಇನ್ನೂ ಹತ್ತು ದಿನವಂತೆ. ನಿನ್ನೆ ಅವನ ಆಫೀಸಿನಲ್ಲಿ ಗೋಗರೆದೆ. “ಖಲಾಸ್, ಮುಂದಿನ ವಾರ” ಎಂದು ಕೈ ಬೀಸಿದ. ಭಾವ ಡಾಕ್ಟರ ಕಾಲು ಹಿಡಿದು ಹದಿನೆಂಟರ ಜಾಗವನ್ನು ಶುಕ್ರವಾರ ಸಂಜೆಯವರೆಗೆ ಉಳಿಸಿಕೊಂಡಿದ್ದಾರೆ. ಆದರೆ ತಾಯಿ ಸಹಿ ಹಾಕುವುದಿಲ್ಲವೆಂದು ಹಟ ಹಿಡಿದರೆ, ಮಗುವನ್ನು ನಿನ್ನ ತೋಳಿನಿಂದ ಕಿತ್ತುಕೊಂಡು ಹೋಗಲು ಅವರಿಂದ ಆಗುವುದಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ. ಅಣ್ಣ ತಂಗಿಯ ಕಾಲಿಗೆ ಬೀಳಬಾರದು ಎನ್ನುತ್ತಾರೆ, ಆದರೂ ಬೀಳುತ್ತೇನೆ.

ಭಾವನಿಗೆ ನಮಸ್ಕಾರ. ತೃಷಾಳ ಎರಡೂ ಕೆನ್ನೆಗೆ ಮಾವನ ಮುತ್ತು. ಅವಳು ನೂರು ವರ್ಷ ಬಾಳಲಿ, ನನ್ನ ಪಾಲಿನದ್ದೂ ಸೇರಿ ಬಾಳಲಿ.

ನಿನ್ನ ಅಣ್ಣ,
ಕಮಲಾಕ್ಷ

ತಾ.ಕ.: ಮೈಕಲ್ ಕೆಳಗೆ ಟ್ಯಾಕ್ಸಿಯಲ್ಲಿ ಕೂತಾಗಿದೆ, ಹಾರ್ನ್ ಹೊಡೆಸುತ್ತಿದ್ದಾನೆ. ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಅಫ್ಸಲ್ ಇದನ್ನೆಲ್ಲ ಓದಿ, “ಇಷ್ಟುದ್ದ ಬರ್ದಿದ್ದೀರಿ ಭಾಯಿ, ಆ ಒಂದು ವಿಷಯ ಎಲ್ಲುಂಟು?” ಎಂದು ಕೇಳಿದ. ಬರೆಯುತ್ತೇನೆ. ತೃಷಾಳ ಕೊರಳಲ್ಲಿದ್ದದ್ದು ಗಾಜು. ಮಣಿ ಒಡೆದ ಖುಷಿಯಲ್ಲಿ ನೀನು ನನಗೆ ಕಳಿಸಿದ ಹೋಳುಗಳ ಫೋಟೋದಲ್ಲಿ ಒಡೆದ ಬದಿಯನ್ನು ನೋಡು, ಸಣ್ಣ ಗುಳ್ಳೆಗಳು ಕಾಣುತ್ತವೆ, ಕಲ್ಲಿನಲ್ಲಿ ಗುಳ್ಳೆ ಇರುವುದಿಲ್ಲ. ಊರಿಗೆ ಹೊರಟ ದಿನ ಅಸಲಿಯನ್ನು ಕೈಯಲ್ಲಿ ಹಿಡಿದೆ, ಕೊಡಲು ಮನಸ್ಸು ಬರಲಿಲ್ಲ. ಸಣ್ಣ ಮಗುವಿಗೆ ಯಾವುದಾದರೇನು ಎಂದುಕೊಂಡು ಅಂಗಡಿಯ ನಕಲಿಗಳ ಬುಟ್ಟಿಯಿಂದ ಒಂದನ್ನು ಎತ್ತಿಕೊಂಡೆ. ಮಾರುವುದಿಲ್ಲ ಎಂದಷ್ಟೂ ನುಹಾ ಮೇಡಂ ಬೆಲೆ ಏರಿಸುತ್ತಾ ಹೋದರು, ನಾನು ಅಸಲಿಯನ್ನು ಅಕ್ಕಿ ಡಬ್ಬದಲ್ಲಿಟ್ಟು ಮೂರು ವರ್ಷ ಕಾದೆ. ಈಗ ಅದು ಇದೇ ಲಕೋಟೆಯಲ್ಲಿ, ಹತ್ತಿಯಲ್ಲಿ ಸುತ್ತಿದ ಪೊಟ್ಟಣದಲ್ಲಿದೆ. ನನಗೆ ಉಗಿ, ಇನ್ನು ಮುಖ ತೋರಿಸಬೇಡ ಎನ್ನು, ನನ್ನ ಒಂದು ಮಾತನ್ನೂ ನಂಬಬೇಡ. ನೀನು ಮಣಿಯನ್ನೇ ನಂಬುವವಳಾದರೆ, ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡು ಸುಗಂಧೀ. ಎಲ್ಲೂ ಒಡೆದಿಲ್ಲ. ಮಗುವಿನ ಗಂಡಾಂತರ ಇನ್ನೂ ಮಗುವಿನ ಮೇಲೆಯೇ ಉಂಟು. ಶುಕ್ರವಾರದೊಳಗೆ ಸಹಿ ಹಾಕು.