ಸೊಸೆಯನ್ನು ತವರಿಗಟ್ಟಿದ ಗುಪ್ತಚರ

ಠಾಣೆಯ ಮಾನ್ಯ ಅಮೀನ ಸಾಹೇಬರೇ,

ನಮ್ಮ ಮನೆಯ ಮೇಲೆ ಕಣ್ಣಿಡಲು ನೀವು ಕಳಿಸಿರುವ ಪೊಲೀಸ್ ಗುಪ್ತಚರನ ದೆಸೆಯಿಂದ ನನ್ನ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ. ಲಕೋಟೆಯಲ್ಲಿಟ್ಟು ಬರೆದರೆ ದಾರಿಯಲ್ಲಿ ಯಾರಾದರೂ ಒಡೆದು ಓದುತ್ತಾರೆ. ಅವರಿಗೇಕೆ ತೊಂದರೆ ಎಂದು ಗಡಿಯಾಚೆಯ ಸೊಲ್ಲಾಪುರದ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನನ್ನ ಮಗ ಶಾಂತಲಿಂಗ ಸೊಲ್ಲಾಪುರದಿಂದ ಪತ್ರಿಕೆ ತರಿಸಿ ಗೆಳೆಯರಿಗೆ ಓದಿ ಹೇಳುತ್ತಾನೆ. ಅಷ್ಟಕ್ಕೇ ನಿಜಾಮ ಸರಕಾರಕ್ಕೆ ಗಾಬರಿಯಾಯಿತಲ್ಲ, ನಮ್ಮಂಥವರ ಮಗನಿಗೆ ಎಂಥ ಮರ್ಯಾದೆ! ನಿಮ್ಮವನು ಎಮ್ಮೆ ಕೊಳ್ಳುವವನ ವೇಷದಲ್ಲಿ ಬಂದ. ಬಂದವನು ಇಂದಿನವರೆಗೂ ಒಂದು ಎಮ್ಮೆಯ ಕಡೆ ತಿರುಗಿ ನೋಡಿಲ್ಲ. ಊರಿಗೆಲ್ಲ ಗುಟ್ಟು ತಿಳಿಯಿತು. ನಮ್ಮ ಹುಡುಗರಿಗೆ ಸಿಟ್ಟಾದರೂ ಬರಬೇಡವೇ? ಬಿಸಿಲಲ್ಲಿ ನಿಂತವನನ್ನು ಕಂಡು ಕನಿಕರಪಟ್ಟ ನನ್ನ ಮಗನೇ ಕೈಹಿಡಿದು ಕರೆತಂದು ನಮ್ಮ ಕಟ್ಟೆಯ ಮೇಲೆ ಕೂಡಿಸಿದ. ಅವನ ಗೆಳೆಯ ಇಮಾಮಸಾಬ ಮನೆಯಿಂದ ತಲೆದಿಂಬು ತಂದುಕೊಟ್ಟ. ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ, ನೋಡಿಕೊಳ್ಳಲಿ ಬಿಡಿ ಎಂಬುದು ಇವರ ವಾದ. ಹುಟ್ಟಿದಾಗಿನಿಂದ ಸರಕಾರದ ಕಣ್ಣಳತೆಯಲ್ಲೇ ಬೆಳೆದವರು, ಇನ್ನೇನು ಹೇಳಿಯಾರು?

ಸೊಸೆ ಗುರುಬಾಯಿ ಸೊಲ್ಲಾಪುರದ ಗಿರಣಿ ಓಣಿಯವಳು. ಇಂಗ್ರೇಜರ ಆ ಊರಲ್ಲಿಯೂ ಗುಪ್ತಚರರಿಗೆ ಬರವಿಲ್ಲ. ಆದರೆ ಅಂಥವನೊಬ್ಬ ಓಣಿಗೆ ಕಾಲಿಟ್ಟರೆ ಹುಡುಗ ಹುಡುಗಿಯರು ಸುತ್ತುಗಟ್ಟಿ, ಯಾರ ಮನೆಗೆ ಬಂದೆ, ಏನು ಕೆಲಸ ಎಂದು ಕೇಳಿ ಕೇಳಿಯೇ ಓಡಿಸುತ್ತಾರಂತೆ. ಇಲ್ಲಿ ಸ್ವಂತ ಗಂಡನೇ ಅವನಿಗೆ ಚಹಾ ಮಾಡಿಕೊಡು ಎನ್ನುತ್ತಾನೆ. ಎಷ್ಟು ದಿನ ತಡೆದಾಳು? ಗಂಟು ಕಟ್ಟಿಕೊಂಡು ನನ್ನ ಹೆಂಡತಿಯ ಮುಂದೆ ನಿಂತಳು.

"ಅತ್ತೀ, ನಾ ಗಂಡನ ಜೋಡಿ ನಕ್ಕದ್ದೂ ಠಾಣೇಕ ಮುಟ್ಟತದ್ರಿ. ಅಂವ ಹೋದ ಮ್ಯಾಗ ಬರ್ತೇನಿ."

ಮಗ ಮೊದಲು ನಕ್ಕ. ಕರೆಯಲು ಹೋಗಿ ಒಬ್ಬನೇ ತಿರುಗಿ ಬಂದ ಮೇಲೆ ನಗು ನಿಂತಿತು. ಈಗ ಸಂಜೆಯಾದರೆ ಗಡಿಯ ದಾರಿಯಲ್ಲಿ ಕೂತು ಆ ಕಡೆಗೇ ನೋಡುತ್ತಾನೆ. ರಾಜದ್ರೋಹದ ಸಂಚು ಎಂದು ನಿಮಗೆ ವರದಿ ಬಂದಿರಬೇಕು. ಅವನು ಕಾಯುತ್ತಿರುವುದು ಹೆಂಡತಿಯನ್ನು, ಸಾಹೇಬರೇ. ನಿಮ್ಮವನಿಗೂ ಅದು ಗೊತ್ತು. ಸೊಸೆ ಯಾವಾಗ ಬರುತ್ತಾಳೆ, ಚಹಾ ಚೆನ್ನಾಗಿ ಮಾಡುತ್ತಿದ್ದಳು ಎಂದು ನನ್ನನ್ನೇ ಕೇಳುತ್ತಾನೆ.

ಮೊನ್ನೆ ಮಗ ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಹತ್ತಿರ ಹೋದೆ. ಕಣ್ಣು ತುಂಬಿದ್ದವು. ಅಷ್ಟರಲ್ಲಿ ಗೋಡೆಯಾಚೆ ನಿಮ್ಮವನ ರುಮಾಲು ಕಂಡಿತು.

"ಅಪ್ಪಾ, ಒಂದೀಟು ಅಳಾಕೂ ನಮಗ ಮರೆ ಇಲ್ಲಲ್ಲ" ಅಂದ.

ನೋಡಿಕೊಳ್ಳಲಿ ಬಿಡಿ ಎಂದಿದ್ದ ಹುಡುಗನ ಮಾತಿದು. ಅದಕ್ಕೇ ಈ ಕಾಗದ. ಜಾಗೀರು ಕೇಳುತ್ತಿಲ್ಲ, ಇನಾಮು ಕೇಳುತ್ತಿಲ್ಲ. ಇದೇ ವಾರ ನಿಮ್ಮವನನ್ನು ಕರೆಸಿಕೊಳ್ಳಿ. ನನ್ನ ಮಗ, ಸೊಸೆ ಬಾಗಿಲು ಮುಂದೆ ಮಾಡಿಕೊಂಡು ಜಗಳವಾಡಲಿ, ನಗಲಿ. ಅದೇನೆಂದು ನಾನೂ ಕೇಳುವುದಿಲ್ಲ, ನೀವೂ ಕೇಳಬೇಡಿ.

ಇಂತಿ,
ಮನೆಯಲ್ಲಿದ್ದೂ ಬೀದಿಗೆ ಬಿದ್ದಿರುವ
ಮಲ್ಕಪ್ಪ, ಕರಜಗಿ