ಯಾವ ಆ್ಯಂಟಿವೈರಸ್ ಹಾಕಲಿ, ಹೀನಾ?

ಬ್ಯಾಡಗಿ
ಭಾನುವಾರ, ೯ ಮಾರ್ಚ್ ೨೦೨೫

ಪ್ರೀತಿಯ ಹೀನಾ,

ರಂಜಾನಿನ ರೋಜಾದ ದಿನಗಳು. ಉಪವಾಸವಿದ್ದು, ಅಂಗಡಿಯನ್ನೂ ನೋಡಿಕೊಂಡು, ಸಂಜೆಯ ಅಡುಗೆಗೂ ನೀನೇ ನಿಂತಿರುತ್ತೀ. ಅಂಥ ಹೊತ್ತಿನಲ್ಲಿ ನನ್ನ ಕಾಗದ ಬಂದರೆ ಗಾಬರಿಯಾಗಬೇಡ. ಫೋನ್ ಕೈಯಲ್ಲೇ ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನಗಲೂಬೇಡ. ಫೋನಿನಲ್ಲಾದರೆ ಮಾತಿನ ನಡುವೆ ಏನು ಹೇಳುತ್ತಿದ್ದೆ ಎಂಬುದೇ ಮರೆತುಹೋಗುತ್ತದೆ. ಟೈಪ್ ಮಾಡುವುದು ಸದ್ಯಕ್ಕೆ ಬೇಡವಾಗಿದೆ. ನಮ್ಮಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯಲು ಬರುವ ಉಚ್ಚಂಗೆವ್ವ ನಾಳೆ ನಿಮ್ಮ ರಾಣೆಬೆನ್ನೂರಿನಲ್ಲಿರುವ ಮಗಳ ಮನೆಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ವಿಷಯ ಇಷ್ಟೇ. ಮನೆಯ ಕಂಪ್ಯೂಟರಿಗೆ ಒಂದು ಆ್ಯಂಟಿವೈರಸ್ ಬೇಕು. ಅಂಗಡಿಯಲ್ಲಿ ದಿನಾ ಜನರಿಗೆ ಹಾಕಿಕೊಡುವವರು ನೀವು. ನೀನೂ ನಾಸೀರಣ್ಣನೂ ಯೋಚಿಸಿ ಒಂದು ಹೇಳಿ.

ಕಂಪ್ಯೂಟರ್ ಹಳೆಯದು. ಭಾರವಾದದ್ದನ್ನು ಹಾಕಿದರೆ ಏಳುವುದೇ ಇಲ್ಲ. ಪಡಸಾಲೆಯಲ್ಲಿ ಇಟ್ಟಿರುವುದರಿಂದ ಒಳಗಿನ ಫ್ಯಾನಿನ ರೆಕ್ಕೆಗೆಲ್ಲ ಮೆಣಸಿನಕಾಯಿಯ ಧೂಳು ಕೂತು ಕೆಂಪಾಗಿದೆ. ಬಿಚ್ಚಿದವರು ಮೊದಲು ಹತ್ತು ಸಲ ಸೀನಬೇಕು, ಆಮೇಲೆ ರಿಪೇರಿ. ವಿಂಡೋಸ್ ಜೊತೆಗೇ ಬರುವುದು ಸಾಕು ಎಂದು ಕೆಲವರು ಬರೆದಿದ್ದಾರೆ. ಪುಕ್ಕಟೆ ಸಿಗುವವುಗಳಲ್ಲಿ ಜಾಹೀರಾತುಗಳು ಪುಟಿಯುತ್ತಲೇ ಇರುತ್ತವಂತೆ. ಅದು ನಮ್ಮಲ್ಲಿ ನಡೆಯುವುದಿಲ್ಲ, ಯಾಕೆಂದರೆ ಮಾವನವರು ಕಂಡದ್ದನ್ನೆಲ್ಲ ಒತ್ತುತ್ತಾರೆ. ಒಮ್ಮೆ ‘ನಿಮಗೆ ಬಹುಮಾನ ಬಂದಿದೆ’ ಎಂದು ಬಂದದ್ದನ್ನು ಒತ್ತಿಬಿಟ್ಟು, ವಾರವೆಲ್ಲ ಟಪಾಲಿನವನನ್ನು ‘ನಂದೇನರ ಬಂದೈತೇನಪಾ?’ ಎಂದು ಕೇಳುತ್ತಿದ್ದರು.

ಮಾವನವರು ನಿನಗೆ ನೆನಪಿರಬೇಕು. ಅಂದಾನೆಪ್ಪನವರು. ನಮ್ಮ ಮದುವೆಯಲ್ಲಿ ನೀನು ಕೈ ಅಡ್ಡ ಹಿಡಿದರೂ ಬಿಡದೆ ಹೋಳಿಗೆ ಹಾಕಿ ಹೋದವರು. ಆ್ಯಂಟಿವೈರಸ್ ಬೇಕು ಎಂದವರೂ ಅವರೇ.

ಇಲ್ಲಿಯ ವ್ಯಾಪಾರ ನಿನಗೆ ಗೊತ್ತಿಲ್ಲ, ಹೇಳುತ್ತೇನೆ. ಸೋಮವಾರ, ಗುರುವಾರ ರೈತರ ಮೆಣಸಿನಕಾಯಿ ದಲಾಲಿ ಅಂಗಡಿಗಳ ಮುಂದೆ ಲಾಟು ಲಾಟಾಗಿ, ಒಬ್ಬೊಬ್ಬರದು ಒಂದೊಂದು ರಾಶಿಯಾಗಿ, ಸಾಲು ಹಿಡಿದು ಬೀಳುತ್ತದೆ. ಕೊಳ್ಳುವವರು ಸಾಲಿನುದ್ದಕ್ಕೂ ನಡೆದು, ಒಂದೊಂದು ಲಾಟಿನ ಕಾಯಿ ಮುರಿದು, ಬಣ್ಣ ನೋಡಿ, ಮುಷ್ಟಿಯಲ್ಲಿ ಹಿಸುಕಿ ತೇವ ನೋಡಿ, ಮನಸ್ಸಿನಲ್ಲಿ ರೇಟ್ ಕಟ್ಟಬೇಕು. ಆಮೇಲೆ ಅದನ್ನು ಕಂಪ್ಯೂಟರಿನಲ್ಲಿ ಹಾಕಬೇಕು. ಯಾರು ಎಷ್ಟು ಹಾಕಿದರು ಎಂಬುದು ಟೆಂಡರ್ ತೆರೆಯುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಹೆಚ್ಚು ಹಾಕಿದವನಿಗೆ ಲಾಟು. ಮಾವನವರಿಗೆ ಮೊಣಕಾಲು ನೋವು ಶುರುವಾದಾಗಿನಿಂದ ನಮ್ಮವರು ಸಾಲು ತಿರುಗುತ್ತಾರೆ, ಒಂದೊಂದು ಲಾಟು ಹೇಗಿದೆ ಎಂದು ಫೋನಿನಲ್ಲಿ ಹೇಳುತ್ತಾರೆ, ಮಾವನವರು ಮನೆಯಲ್ಲಿ ಕೂತು ರೇಟ್ ಹಾಕುತ್ತಾರೆ.

ಈ ಹಂಗಾಮಿನಲ್ಲಿ ಅವರು ಕಣ್ಣಿಟ್ಟ ಲಾಟುಗಳು ಒಂದಾದ ಮೇಲೆ ಒಂದು ಕೈತಪ್ಪುತ್ತ ಬಂದವು. ತಪ್ಪಿದರೆ ಕೂದಲೆಳೆಯಲ್ಲಿ ತಪ್ಪಿತು. ಸಿಕ್ಕಿದರೆ ಒಳಗೆಲ್ಲ ತೇವ ತುಂಬಿದ ಮಾಲು. ‘ಯಾರೋ ನನ್ನ ರೇಟ್ ನೋಡಾಕತ್ತಾರ’ ಎಂದು ಅವರ ತಲೆಯಲ್ಲಿ ಕೂತಿತು. ಹಿಂದೆ ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟ್ ಹೇಳಿದ ಕೈ ಅವರದು. ಅದೇ ರೂಢಿಯಲ್ಲಿ ಕಂಪ್ಯೂಟರಿನ ಮೇಲೂ ತಮ್ಮ ತಲೆಯ ಮೇಲೂ ಸೇರಿಸಿ ಒಂದು ಟವೆಲ್ ಹೊದ್ದುಕೊಂಡು ರೇಟ್ ಒತ್ತಲು ಶುರು ಮಾಡಿದರು. ಅತ್ತೆಯವರು ಹೊನ್ನವ್ವ ಅದನ್ನು ನೋಡಿ, ‘ನೆಗಡಿಗೆ ಉಗಿ ತಗೊಂಡಂಗ ಮಾಡ್ತೀರಲ್ರೀ, ಬಿಸಿನೀರ ತರ್ಲೇನು?’ ಎಂದರು. ನಾನು ನಗಬೇಕಿತ್ತು. ತಡವಾಗಿ, ಎಲ್ಲರೂ ನಕ್ಕು ಮುಗಿದ ಮೇಲೆ, ನಕ್ಕ ಹಾಗೆ ಮಾಡಿದೆ.

ನಿನ್ನೊಬ್ಬಳಿಗೆ ಹೇಳುತ್ತೇನೆ. ಮೋಟೆಬೆನ್ನೂರಿನಲ್ಲಿ ಬಾಣಂತನ ಮುಗಿಸಿ ಬಂದಾಗಿನಿಂದ ನಾನು ಹೀಗೇ ಇದ್ದೇನೆ. ನಿದ್ದೆ ಇಲ್ಲ. ಕೂಸು ಮಲಗಿದಾಗ ನೀನೂ ಮಲಗು ಎನ್ನುತ್ತಾರೆ. ಕೂಸು ಮಲಗುತ್ತದೆ, ನಾನು ಅದರ ಎದೆ ಏರಿ ಇಳಿಯುವುದನ್ನು ನೋಡುತ್ತ ಇರುತ್ತೇನೆ. ಅತ್ತರೆ ಎತ್ತಿಕೊಳ್ಳುತ್ತೇನೆ, ಹಾಲು ಕೊಡುತ್ತೇನೆ, ಎಲ್ಲ ಮಾಡುತ್ತೇನೆ. ಆದರೆ ಆ ಅಳು ಪಕ್ಕದ ಮನೆಯಿಂದ ಕೇಳಿಸಿದ ಹಾಗೆ ಕೇಳಿಸುತ್ತದೆ. ಈ ತಿಂಗಳು ಊರಿಗೆ ಊರೇ ಘಾಟಿಗೆ ಕೆಮ್ಮುತ್ತಿದೆ, ಬಸ್ಸಿನಲ್ಲಿ ಹಾದುಹೋಗುವವರೂ ಕಿಟಕಿ ಹಾಕಿಕೊಳ್ಳುತ್ತಾರೆ. ನನಗೆ ಮಾತ್ರ ಕಣ್ಣು ಕೂಡ ಉರಿಯುವುದಿಲ್ಲ.

ಇರಲಿ. ಮಾತು ಕಂಪ್ಯೂಟರಿನದು.

ಮೊನ್ನೆ ಶುಕ್ರವಾರ ಮಾವನವರು, ‘ಸುಧಾ, ನೀ ಕಾಲೇಜ್ ಕಲತಾಕಿ, ಕಂಪ್ಯೂಟರ್‌ದಾಗ ಕಳ್ಳ ಹೊಕ್ಕಾನೋ ಇಲ್ಲೋ ನೋಡವಾ’ ಎಂದರು. ಒಂದು ಕಂಪನಿಯದು ಸ್ವಲ್ಪ ದಿನ ಪುಕ್ಕಟೆ ಬಳಸಲು ಸಿಗುತ್ತದೆ. ಅದನ್ನು ಇಳಿಸಿಕೊಂಡು ಓಡಿಸಿದೆ. ಅವರು ಕುರ್ಚಿ ತಂದು ಕುಸ್ತಿ ನೋಡುವವರ ಹಾಗೆ ಪಕ್ಕದಲ್ಲಿ ಕೂತರು. ಬಹಳ ಹೊತ್ತಿನ ಮೇಲೆ ಕೆಂಪು ಚೌಕಟ್ಟು ಎದ್ದಿತು. ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಬರೆದಿಟ್ಟುಕೊಳ್ಳುವ ಪ್ರೋಗ್ರಾಂ ಒಂದು ಒಳಗೆ ಇದೆ. ತೆಗೆದುಹಾಕಲೇ, ಬೇರೆ ಇಡಲೇ, ಇರಲಿ ಬಿಡಲೇ ಎಂದು ಕೇಳಿತು. ನಾನು ಓದಿ ಹೇಳಿದ್ದೇ ತಡ, ಮಾವನವರು ತೊಡೆ ತಟ್ಟಿದರು. ‘ಸಿಕ್ಕನಲಾ ಮಗಾ! ಟವೆಲ್ ಹೊದ್ದರೂ ಒಳಗ ಕುಂತು ನೋಡಾಕತ್ತಿದ್ದ!’

ಕಳ್ಳ ಯಾರು ಎಂಬುದನ್ನೂ ಅವರೇ ಆ ಕ್ಷಣಕ್ಕೇ ತೀರ್ಮಾನಿಸಿದರು. ಎದುರಿನ ಅಂಗಡಿಯ ಸಿದ್ದಲಿಂಗೇಶ. ಅವನೂ ಖರೀದಿದಾರ, ಹೊಸದಾಗಿ ಲೈಸನ್ಸ್ ಮಾಡಿಸಿದವನು. ದೀಪಾವಳಿಯಲ್ಲಿ ಬಂದು ನಮ್ಮ ಪ್ರಿಂಟರ್ ಸರಿ ಮಾಡಿಕೊಟ್ಟು ಹೋಗಿದ್ದ. ‘ಚಕ್ಕಲಿ ತಿಂದು, ಚಾ ಕುಡದು, ಇದನ್ನ ಇಟ್ಟು ಹೋಗ್ಯಾನ. ಸೋಮವಾರ ವರ್ತಕರ ಸಂಘದಾಗ ಎಲ್ಲಾರ ಮುಂದ ನಿಂದ್ರಸತೇನಿ. ಇನ್ನ ಈ ಪ್ಯಾಟ್ಯಾಗ ಅವ ಒಂದು ಚೀಲ ಖರೀದಿ ಮಾಡಬಾರದು. ಸುಧಾ, ನೀ ಅದನ್ನ ತೆಗೀಬ್ಯಾಡ, ಸಾಕ್ಷಿ ಐತಿ ಅದು.’

ಅವರು ಎದ್ದುಹೋದ ಮೇಲೆ ನಾನು ಒಳಗೆ ಹೋಗಿ ನೋಡಿದೆ. ನಮ್ಮ ಕಂಪ್ಯೂಟರಿನಲ್ಲಿ ಮಾವನವರು ತಮ್ಮ ಹೆಸರಿನಲ್ಲಿ ಬೇರೆ ತೆರೆದುಕೊಳ್ಳುತ್ತಾರೆ, ನಾನು ನನ್ನ ಹೆಸರಿನಲ್ಲಿ ಬೇರೆ. ಆ ಪ್ರೋಗ್ರಾಂ ಮಾವನವರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಬರೆದಿಟ್ಟುಕೊಂಡದ್ದೆಲ್ಲ ನನ್ನದು. ನಾನು ಹುಡುಕಿದ್ದು, ಕೇಳಿದ್ದು. ಕೂಸು ಹಾಲು ಕಕ್ಕಿದರೆ ಏನು ಮಾಡಬೇಕು. ನೆತ್ತಿ ಬಡಿದುಕೊಳ್ಳುವುದು ಯಾವಾಗ ನಿಲ್ಲುತ್ತದೆ. ನಿದ್ದೆ ಬಾರದಿದ್ದರೆ ತಲೆ ಕೆಡುತ್ತದೆಯೇ. ಇನ್ನೂ ಕೆಲವು ಇದ್ದವು. ಅವು ಇಲ್ಲಿ ಬೇಡ.

ನಮ್ಮವರನ್ನು ನಿನ್ನೆ ಕೇಳಿದೆ. ಹಿತ್ತಲಿನ ಗೋದಾಮಿನಲ್ಲಿ ಚೀಲ ಹೊಲಿಸುತ್ತಿದ್ದರು. ಚಹಾ ಕೊಟ್ಟು, ಹಮಾಲರು ಹೊರಗೆ ಹೋಗುವ ತನಕ ನಿಂತು, ‘ಅದನ್ನ ಹಾಕಿದವರು ನೀವೇನ್ರಿ?’ ಎಂದೆ. ಅವರು ಲೋಟದೊಳಗೆ ನೋಡುತ್ತ ಹೂಂ ಎಂದರು. ನನ್ನ ಮೇಲೆ ಸಂಶಯವೇ ಎಂದು ಕೇಳಿದೆ.

‘ಸಂಶಯ ಅಲ್ಲ ಸುಧಾ. ಒಂದಿನ ಕೂಸು ಅತ್ತಿತು ಅಂತ ನೀ ಎದ್ದು ಹೋದಿ. ನೀ ಬರದಿದ್ದು ಹಂಗ ತೆರದಿತ್ತು. ನಾ ಓದಿದೆ.’

ಓದಿದವರು ನನ್ನನ್ನೇ ಕೇಳಬಹುದಿತ್ತಲ್ಲ ಎಂದೆ.

‘ಕೇಳಿದ್ರ ನೀ ಖರೇ ಐತಿ ಅಂದಬಿಟ್ಟಿದ್ರ? ಆಮ್ಯಾಲ ನಾ ಏನ್ ಮಾಡಬೇಕಿತ್ತು, ಹೇಳು.’

ಆಮೇಲೆ ಉಳಿದದ್ದನ್ನೂ ಅವರೇ ಹೇಳಿದರು. ಆ ದಿನದಿಂದ ಅವರಿಗೆ ಪೇಟೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲವಂತೆ. ಸಾಲು ಅರ್ಧಕ್ಕೆ ಬಿಟ್ಟು ಬೈಕಿನಲ್ಲಿ ಮನೆಯ ಹಿಂದಕ್ಕೆ ಬರುತ್ತಿದ್ದರಂತೆ. ‘ನೀ ಹಿತ್ತಲದಾಗ ಕೂಸಿನ ಬಟ್ಟಿ ಒಣಾ ಹಾಕೋದು ಗ್ವಾಡಿ ಮ್ಯಾಲಿಂದ ಕಂಡ್ರ ಹಂಗ ತಿರುಗಿ ಹೋಗ್ತಿದ್ದೆ. ಉಳದ ಲಾಟಿಂದು ಅಪ್ಪಗ ಅಂದಾಜಲೇ ಹೇಳ್ತಿದ್ದೆ. ಮುರದೂ ನೋಡಿಲ್ಲ, ಹಿಡದೂ ನೋಡಿಲ್ಲ.’

ಲಾಟುಗಳು ಕೈತಪ್ಪಿದ್ದು ಹಾಗೆ. ಕಳ್ಳ ಯಾರೂ ಇರಲಿಲ್ಲ.

ಹೀನಾ, ಗಂಡನೊಬ್ಬ ತುಂಬಿದ ಪೇಟೆಯಿಂದ ಓಡಿಬಂದು, ಗೋಡೆಯಾಚೆ ನಿಂತು, ಹೆಂಡತಿ ಇದ್ದಾಳೆ ಎಂದು ನೋಡಿಕೊಂಡು ಹೋಗುತ್ತಿದ್ದ ಎಂದು ಹಾವೇರಿಯ ಹಾಸ್ಟೆಲಿನಲ್ಲಿ ಯಾವುದಾದರೂ ಕಥೆಯಲ್ಲಿ ಓದಿದ್ದರೆ ನಾವಿಬ್ಬರೂ ಅತ್ತುಬಿಡುತ್ತಿದ್ದೆವು. ಕದ್ದು ಓದಿದ್ದಕ್ಕೆ ಸಿಟ್ಟಾದರೂ ಬರಬೇಕಿತ್ತು. ನಾನು ಲೋಟ ಇಸಿದುಕೊಂಡು ಒಳಗೆ ಬಂದು ತೊಳೆದಿಟ್ಟೆ. ಹಿಂದೆಯೇ ಬಂದು ಅವರು, ಅಪ್ಪನಿಗೆ ಇದನ್ನು ಹೇಳಬೇಡ, ಸಿದ್ದಲಿಂಗೇಶನದನ್ನು ಹೇಗಾದರೂ ಸುಧಾರಿಸುತ್ತೇನೆ ಎಂದರು. ಅವರಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಪ್ಪನ ಎದುರು ನಿಂತು ಮಾತಾಡಿದವರಲ್ಲ ಅವರು.

ಇಂದು ಬೆಳಿಗ್ಗೆ ಮಾವನವರು ಇಸ್ತ್ರಿಯ ಧೋತರ ತೆಗೆದಿಟ್ಟು, ನಾಳೆ ಸಂಘದಲ್ಲಿ ಆಡಬೇಕಾದ ಮಾತನ್ನು ಅತ್ತೆಯವರ ಎದುರು ಆಡಿ ನೋಡುತ್ತಿದ್ದರು. ‘ಸನ್ಮಾನ್ಯ ವರ್ತಕ ಬಂಧುಗಳೇ’ ಎಂದಾಗ ಅತ್ತೆಯವರು ಮೊರ ಕೆಳಗಿಟ್ಟು, ‘ನಾ ಯಾವಾಗ ವರ್ತಕ ಆದೆನ್ರಿ?’ ಎಂದರು. ನಾನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ನಾನು ಸುಮ್ಮನಿದ್ದರೆ ನಾಳೆ ಈ ಹೊತ್ತಿಗೆ ಏನೂ ಮಾಡದ ಒಬ್ಬ ಮನುಷ್ಯ ಪೇಟೆಯ ನಡುವೆ ತಲೆ ತಗ್ಗಿಸಿ ನಿಂತಿರುತ್ತಿದ್ದ. ಅದು ತಪ್ಪು ಎಂದು ನನಗೆ ಅನ್ನಿಸಲಿಲ್ಲ, ಹೀನಾ. ಅನ್ನಿಸುವುದು ನಿಂತುಹೋಗಿದೆ. ಆದರೆ ತಪ್ಪು ಎಂದು ಗೊತ್ತಿತ್ತು. ಅದು ಸಾಕಾಯಿತು.

‘ಮಾವಾರ, ಸಿದ್ದಲಿಂಗೇಶಣ್ಣ ಏನೂ ಮಾಡಿಲ್ರಿ. ನಿಮ್ಮ ರೇಟ್ ಯಾರೂ ನೋಡಿಲ್ಲ. ಅದು ನನ್ನ ನೋಡಾಕ ಹಾಕಿದ್ದು. ಇವರ ಹಾಕ್ಯಾರ.’

‘ನಿನ್ನ ನೋಡಾಕ? ನೀ ಏನ್ ಕದ್ದಿ?’ ಎಂದರು ಮಾವನವರು.

‘ಏನೂ ಕದ್ದಿಲ್ರಿ. ನಾ ಏನರ ಮಾಡ್ಕೊಂಡೇನು ಅಂತ ಇವರಿಗೆ ಅಂಜಿಕಿ. ನನಗೂ ಅಂಜಿಕಿ ಐತ್ರಿ.’

ಇಷ್ಟು ಹೇಳಿದೆ. ಕರೆಂಟ್ ಹೋಗಿದೆ ಎಂದು ಹೇಳಿದ ಹಾಗೆ ಹೇಳಿದೆ. ಅತ್ತೆಯವರು ಎದ್ದು ಬಂದು ಕೂಸನ್ನು ಇಸಿದುಕೊಂಡರು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದರು. ಈಗ ಬರೆಯುವಾಗಲೂ ಪಕ್ಕದಲ್ಲೇ ಇದ್ದಾರೆ, ಬೆಳ್ಳುಳ್ಳಿ ಬಿಡಿಸುತ್ತಿದ್ದಾರೆ. ಮಾವನವರು ತೆಗೆದಿಟ್ಟ ಧೋತರವನ್ನು ಪಕ್ಕಕ್ಕೆ ಸರಿಸಿದರು. ಒಳಗಿದ್ದ ಮಗನಿಗೆ ಕೇಳುವ ಹಾಗೆ ಕೂಗಿದರು.

‘ರುದ್ರಾ, ಸಾಲು ಬಿಟ್ಟು ಬರ್ತೇನಿ ಅಂತ ಒಂದ ಮಾತ ಹೇಳಿದ್ರ ನಾನ ಕುಂಟಕೋತ ತಿರಗತಿದ್ನಲೋ, ಹುಚ್ಚಪ್ಯಾಲಿ! ಲಾಟು ಹೋದ್ರ ಗುರುವಾರ ಮತ್ತ ಬರತೈತಿ.’

ನನ್ನ ಕಡೆ ತಿರುಗಿ ‘ಕುಂದ್ರು ಯವ್ವಾ, ಯಾಕ ನಿಂತೀದಿ’ ಎಂದರು. ಆಮೇಲೆ ಎದ್ದು ಎದುರಿನ ಅಂಗಡಿಗೆ ಹೋದರು. ಏನು ಹೇಳುತ್ತಾರೋ ಎಂದು ನಮ್ಮವರು ಕಿಟಕಿಯಿಂದ ನೋಡುತ್ತಿದ್ದರು. ‘ಪ್ರಿಂಟರ್ ಭಾಳ ಚಲೋ ನಡದೈತಿ ತಮ್ಮಾ’ ಎಂದಷ್ಟೇ ಹೇಳಿ ಬಂದರಂತೆ. ಸಿದ್ದಲಿಂಗೇಶ ಏನೂ ತಿಳಿಯದೆ ಅವರ ಹಿಂದೆಯೇ ಬಾಗಿಲ ತನಕ ಬಂದು ನಿಂತಿದ್ದ.

ಇನ್ನು ಆ್ಯಂಟಿವೈರಸ್ ಯಾಕೆ ಬೇಕು ಎನ್ನುತ್ತೀ. ಆ ಪುಕ್ಕಟೆಯದು ಕಂಪ್ಯೂಟರ್ ತೆರೆದಾಗಲೆಲ್ಲ ಕೆಂಪು ಚೌಕಟ್ಟು ತೋರಿಸಿ ಅದೇ ಪ್ರಶ್ನೆ ಕೇಳುತ್ತದೆ. ನಿನಗೆ ಬೇಕಾದ ಹಾಗೆ ಮಾಡು, ಬೇಕಾದರೆ ಈಗಲೇ ತೆಗೆದುಬಿಡು ಎಂದು ನಮ್ಮವರು ಹೇಳಿದರು. ನಾನು ಇರಲಿ ಬಿಡು ಎಂಬುದನ್ನು ಒತ್ತಿದ್ದೇನೆ. ನನ್ನ ಮೇಲೆ ನನಗೆ ಭರವಸೆ ಬರುವ ತನಕ ಇರಲಿ. ನಾನು ಬರೆದದ್ದನ್ನು ಅವರು ಓದಲಿ. ನಿನಗೆ ಬರೆಯುವುದು ಮಾತ್ರ ನನ್ನದಾಗಿರಲಿ ಎಂದು ಪೆನ್ನು ಹಿಡಿದೆ.

ಆದ್ದರಿಂದ ಹಗುರವಾದದ್ದನ್ನು ನೋಡು. ಜಾಹೀರಾತು ಬರದಂಥದ್ದು. ಮಾವನವರು ಏನೇನೋ ಒತ್ತಿದರೆ ತಡೆಯುವಂಥದ್ದು. ಒಂದು ಸಲ ಇರಲಿ ಎಂದದ್ದನ್ನು ಮತ್ತೆ ಮತ್ತೆ ಕೇಳದಂಥದ್ದು. ಅಂಥದ್ದು ಇದ್ದರೆ ಅದೇ ಸಾಕು.

ನಾಸೀರಣ್ಣನಿಗೆ ನಮಸ್ಕಾರ. ಮೋಟೆಬೆನ್ನೂರಿಗೆ ಫೋನ್ ಮಾಡಿದರೆ ಅವ್ವನ ಮುಂದೆ ಇದರ ಸುದ್ದಿ ಎತ್ತಬೇಡ, ನಾನೇ ಹೇಳುತ್ತೇನೆ.

ನಿನ್ನ
ಸುಧಾರಾಣಿ

ತಾ.ಕ.: ಬುಧವಾರ ನನ್ನನ್ನು ಹಾವೇರಿಗೆ ಮನಸ್ಸಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನೀನೂ ಬಾ. ಉಪವಾಸದಲ್ಲಿ ಬಸ್ಸು ಹತ್ತಿ ಬಾ ಎನ್ನುವುದು ತಪ್ಪು, ಆದರೂ ಬಾ. ಕೂಸು ಅತ್ತಿತೆಂದು ನಾನು ಎದ್ದುಹೋದ ದಿನ ಇವರು ಓದಿದ ಸಾಲು ಇದು: ‘ತಾಯಿ ಇಲ್ಲವಾದರೆ ಕೂಸು ಎಷ್ಟು ದಿನಕ್ಕೆ ಅವಳನ್ನು ಮರೆಯುತ್ತದೆ?’ ಅದನ್ನು ನಾನು ಒಮ್ಮೆ ಅಲ್ಲ, ಎಷ್ಟೋ ಸಲ ಕೇಳಿದ್ದೇನೆ. ಡಾಕ್ಟರರ ಎದುರು ಕೂತರೆ ‘ನಿದ್ದಿ ಬರೋದಿಲ್ರಿ’ ಎಂದಷ್ಟೇ ಹೇಳಿ ಎದ್ದುಬರುತ್ತೇನೆ, ನನ್ನನ್ನು ನಾನು ಬಲ್ಲೆ. ಇವರಿಗೆ ಆ ಸಾಲು ಬಾಯಿಂದ ಹೊರಡುವುದಿಲ್ಲ. ನಾನು ಹೇಳದೆ ಎದ್ದರೆ ನೀನು ನನ್ನನ್ನು ಕೂರಿಸಿ, ಅದನ್ನು ಡಾಕ್ಟರರಿಗೆ ಹೇಳು.